ಲ್ಯಾಬಿಗೆ ಹೊರಟ ಅಕ್ಕಿ

ಚುಂಚನಕಟ್ಟೆ ನಾಲೆಯ ಕೆಳಗಿರುವ ಕೆಂಪಾಜಮ್ಮನ ಎರಡೆಕರೆ ಗದ್ದೆಯಲ್ಲಿ ಕೊನೆಯ ಮಡಿ ಮಾತ್ರ ಮನೆ ಊಟಕ್ಕೆ. ಮಾರುವ ಬತ್ತಕ್ಕೆ ಯೂರಿಯಾ, ಇದಕ್ಕೆ ಕೊಟ್ಟಿಗೆ ಗೊಬ್ಬರ. ಈ ಪಂಕ್ತಿಭೇದ ಸುತ್ತಲಿನ ಎಷ್ಟೋ ಮನೆಗಳಲ್ಲಿದೆ. ಕೊಳ್ಳುವವರೆದುರು ಯಾರೂ ಅದರ ಮಾತೆತ್ತುವುದಿಲ್ಲ.

ಇಳುವರಿ ಕಡಿಮೆಯಾದ ಆ ಮಡಿ ಮಗ ದೇವರಾಜುವಿನ ಕಣ್ಣು ಚುಚ್ಚುತ್ತಿತ್ತು. ಅದಕ್ಕೂ ಯೂರಿಯಾ ಎರಚೋಣವೆಂದ. ಸೊಸೆ ನಂದಿತಾ ಐದು ತಿಂಗಳ ಬಸುರಿ, ರಕ್ತ ಕಡಿಮೆ. ಡಾಕ್ಟರ ಮಾತ್ರೆ ನುಂಗಲಿ, ಆದರೆ ತನ್ನ ಮಡಿಯ ಅನ್ನವೂ ಬೇಕೆಂದು ಕೆಂಪಾಜಮ್ಮ ಪಟ್ಟು ಹಿಡಿದರು. ಕೊನೆಗೆ ಕೃಷಿ ಅಧಿಕಾರಿ ಸುನೀಲ್‌ಕುಮಾರ್ ಎರಡು ಅಕ್ಕಿಯನ್ನೂ ಲ್ಯಾಬಿಗೆ ಕಳಿಸಲು ಒಪ್ಪಿದರು. ಮಡಿಯ ಅಕ್ಕಿಯಲ್ಲಿ ಕಬ್ಬಿಣದಂಶ ಹೆಚ್ಚಿದ್ದರೆ ಮಡಿ ಉಳಿಯಬೇಕು, ಇಲ್ಲದಿದ್ದರೆ ಯೂರಿಯಾ ಎಂದು ಮಾತಾಯಿತು. ಎರಡನ್ನೂ ಮಿಲ್ಲಿಗೆ ಹಾಕಿಸಿ ತಂದವರು ಕೆಂಪಾಜಮ್ಮನೇ.

ವರದಿ ಬಂತು. ಯೂರಿಯಾ ಅಕ್ಕಿಯಲ್ಲೇ ಕಬ್ಬಿಣ ಜಾಸ್ತಿ. ಗೆದ್ದವನಂತೆ ಕಾಣದಿರಲು ದೇವರಾಜು ಬಹಳ ಕಷ್ಟಪಟ್ಟ.

ಸುನೀಲ್‌ಕುಮಾರ್ ಮಿಕ್ಕ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡರು. ಮಡಿಯದು ಮಲ್ಲಿಗೆ ಮೊಗ್ಗಿನಂತಿತ್ತು.

"ಇದ್ನ ಎಷ್ಟು ಸಲ ಪಾಲಿಶ್ ಮಾಡ್ಸಿದ್ರಮ್ಮ?"

"ಮೂರು ಸಲ ಕಣಪ್ಪ. ನಾಕು ಜನ ನೋಡೋ ಅಕ್ಕಿ, ಅಂಗೇ ಕಳ್ಸಕಾಯ್ತದಾ?"

"ಆ ಇನ್ನೊಂದ?"

"ಅದು ಇವನ್ದು. ಒಂದ್ಸಲ ಸಾಕು ಅಂದೆ."

ಕಬ್ಬಿಣ, ಸತು ಹೆಚ್ಚಾಗಿ ಇರುವುದು ಅಕ್ಕಿಯ ಮೇಲ್ಪದರದಲ್ಲಿ, ಪಾಲಿಶ್ ಮಾಡಿದಷ್ಟೂ ಅದು ತವುಡಿನ ಜೊತೆ ಹೋಗುತ್ತದೆ ಎಂದು ಅವರು ವಿವರಿಸಿದರು. ತವುಡೇನಾಯಿತೆಂದೂ ಕೇಳಿದರು. ಎಲ್ಲರೂ ಕೊಟ್ಟಿಗೆಯತ್ತ ನೋಡಿದರು. ಎಮ್ಮೆಯ ಮೈ ಮಿರಮಿರ ಮಿಂಚುತ್ತಿತ್ತು.

ಈ ಸಲ ಹೊಟ್ಟು ಮಾತ್ರ ತೆಗೆಸಿ, ಪಾಲಿಶ್ ಇಲ್ಲದೆ ಎರಡನ್ನೂ ಕಳಿಸಿದರು. ಮಡಿಯ ಅಕ್ಕಿಯಲ್ಲಿ ಕಬ್ಬಿಣ ಒಂದು ಚೂರು ಮುಂದಿತ್ತು. ಯೂರಿಯಾ ಅಕ್ಕಿಯಲ್ಲಿ ಪ್ರೋಟೀನ್ ಮುಂದಿತ್ತು. ಈ ಚೂರನ್ನು ನಂಬಿ ಮಾತ್ರೆ ಬಿಡಬೇಡಿ ಎಂದು ಅಧಿಕಾರಿ ನಂದಿತಾಗೆ ಎರಡು ಬಾರಿ ಹೇಳಿದರು. ಮಾತು ಕಬ್ಬಿಣದ್ದಾಗಿದ್ದರಿಂದ ಮಡಿ ಉಳಿಯಿತು. ದೇವರಾಜು ಒಂದೇ ಷರತ್ತು ಹಾಕಿದ: ಇನ್ನು ಮನೆ ಅಕ್ಕಿಗೆ ಪಾಲಿಶ್ ಇಲ್ಲ.

ಕೆಂಪಾಜಮ್ಮ ಒಪ್ಪಿದರು. ಮೊದಲ ದಿನ ಕಂದು ಅನ್ನವನ್ನು ಬೆರಳಿನಿಂದ ಕೆದಕುತ್ತ ಸೊಸೆಯನ್ನು ಕೇಳಿದರು:

"ನಿಮ್ಮಪ್ಪ ಅವ್ವ ಬಂದಾಗ ಇದ್ನೇ ಇಕ್ಕದಾ?"

ನಂದಿತಾ ಎರಡನೇ ಸಲ ಬಡಿಸಿಕೊಳ್ಳುತ್ತ ಹೇಳಿದಳು: "ಬುಡಿ ಅತ್ತೆ, ಮೊದ್ಲು ಎಮ್ಮೆ ತೋರ್ಸನ."