ಕಚೇರಿಯಲ್ಲಿ ಸಂಸಾರ

ವಿಷಕಾರಿ ಕಸದ ಗೋದಾಮಿಗೆ ಜಾಗ ಹುಡುಕುವ ಕೆಲಸ ನಕ್ಷೆ ಬರೆಯುವವಳ ತಲೆಗೆ ಬಂದಿತ್ತು. ನಿಯಮಗಳೇನೋ ಸ್ಪಷ್ಟವಾಗಿದ್ದವು. ಮನೆಗಳಿಂದ ಇಷ್ಟು ದೂರ, ಶಾಲೆ ಆಸ್ಪತ್ರೆಗಳಿಂದ ಇನ್ನಷ್ಟು ದೂರ. ಬಾವಿ, ಕೆರೆ, ಹೊಳೆಯ ಹತ್ತಿರ ಸುಳಿಯುವಂತಿಲ್ಲ. ನೆರೆ ನುಗ್ಗುವ ತಗ್ಗೂ ಆಗದು. ಅವಳು ಒಂದೊಂದಕ್ಕೂ ಕೈವಾರದಿಂದ ವೃತ್ತ ಎಳೆದು ಕೆಂಪು ಬಳಿಯುತ್ತ ಹೋದಳು. ಊರಿಗೆ ಊರೇ ಕೆಂಪಾಗಿ, ಹೆಬ್ಬೆಟ್ಟಿನಷ್ಟು ಬಿಳಿ ಮಾತ್ರ ಉಳಿಯಿತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅದು ಅವಳು ಕೂತಿದ್ದ ಪರಿಸರ ಕಚೇರಿಯೇ. ಜನರ ಕಾಟ ಬೇಡವೆಂದು ಊರಾಚೆಯ ದಿಣ್ಣೆಯ ಮೇಲೆ ಕಟ್ಟಿಸಿದ್ದರು.

ಸಾಹೇಬರು ನಕ್ಷೆಯನ್ನು ತಲೆಕೆಳಗು ಹಿಡಿದೂ ನೋಡಿದರು. "ಕಚೇರಿ ಹತ್ತಿರ ಇಡಬಾರದು ಅಂತ ಎಲ್ಲೂ ಇಲ್ವಾ?"

"ಇಲ್ಲ ಸರ್. ನಿಯಮ ಬರೆದೋರಿಗೆ ನಮ್ಮ ನೆನಪೇ ಬಂದಿಲ್ಲ."

"ಬರೆದೋನು ನಾನೇ ಕಣಮ್ಮ," ಎಂದು ಸಾಹೇಬರು ಕುರ್ಚಿಗೆ ಒರಗಿದರು. ಮತ್ತೆ ನಕ್ಷೆಯ ಮೇಲೆ ಬಾಗಿ, "ಇಲ್ಲೊಂದು ಮನೆ ಇದ್ದಿದ್ರೆ?" ಎಂದರು.

"ಇದೂ ಕೆಂಪಾಗ್ತಿತ್ತು. ಒಂದು ಸಂಸಾರ ಅಡುಗೆ ಮಾಡ್ಕೊಂಡು ಮಲಗಿ ಏಳೋ ಜಾಗ ಮನೆ."

ಸಾಹೇಬರು ತಮ್ಮ ಹೆಂಡತಿಗೆ ಫೋನು ಮಾಡಿ, ಸಂಸಾರವನ್ನು ಕಚೇರಿಗೆ ಸಾಗಿಸೋಣವೇ ಎಂದರು. ಆಕೆ ಪೂರ್ತಿ ಕೇಳದೆ ಇಟ್ಟುಬಿಟ್ಟರು. ಆಮೇಲೆ ಸಾಹೇಬರ ಕಣ್ಣು ನಕ್ಷೆಯವಳ ಮೇಲೆ ಬಿತ್ತು.

ಅವಳ ಗಂಡ ಬಸ್ಸು ರಿಪೇರಿ ಮಾಡುವವನು, "ಅಮ್ಮನ್ನ ಕೇಳು," ಎಂದು ಜಾರಿಕೊಂಡ. ಅತ್ತೆ ಕೇಳಿದ್ದು ಒಂದೇ ಮಾತು: "ಅಲ್ಲಿ ಫ್ಯಾನು ಎಷ್ಟಿವೆ?"

"ಸಭೆ ಕೋಣೆಯಲ್ಲೇ ನಾಲ್ಕಿವೆ, ಅತ್ತೆ."

ಮರುದಿನವೇ ಸಾಮಾನು ಬಂತು. ಅತ್ತೆ ಸಭೆಯ ಮೇಜಿನ ಮೇಲೆ ತರಕಾರಿ ಹೆಚ್ಚಿದರು, ಕಡತದ ಬೀರುಗಳ ನಡುವೆ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದರು. ಸಾಹೇಬರು ಅವಳ ಗಂಡನ ಒದ್ದೆ ಬನಿಯನನ್ನು ಮುಖದಿಂದ ಸರಿಸಿಕೊಂಡು ಸಹಿ ಹಾಕುವಾಗ ನಕ್ಷೆಯವಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು.

ಮೇಲಿನಿಂದ ತಪಾಸಣೆಯವರು ಬಂದರು. "ಇದು ಕಚೇರಿಯೋ ಮನೆಯೋ?" ಎಂದು ಅವರ ಹಿರಿಯ ಕೇಳಿದ.

"ಚಪ್ಪಲಿ ಹೊರಗೆ ಬಿಟ್ಟು ಬಂದು ಕೇಳಿ," ಎಂದರು ಅತ್ತೆ.

ಆತ ಬಿಟ್ಟು ಬಂದ, ಹೊಟ್ಟೆ ತುಂಬ ಉಂಡ, ಕೂತಲ್ಲೇ ತೂಕಡಿಸಿದ. ಅತ್ತೆ ಎಬ್ಬಿಸಿ ಕೈ ತೊಳೆಯಲು ಕಳಿಸಿದರು. "ನಿದ್ದೆ ಕಚೇರಿಲೂ ಬರುತ್ತೆ," ಎಂದ ಆತ ಕೈ ಒರೆಸಿಕೊಳ್ಳುತ್ತ, "ಎಬ್ಬಿಸೋದು ಮನೇಲೇ. ಇದು ಮನೆ."

ಸಾಹೇಬರು ಸಿಹಿ ಹಂಚಿದರು. ನಕ್ಷೆಯವಳು ಕೊನೆಯ ಬಿಳಿಗೂ ಕೆಂಪು ಬಳಿದು ಕೇಳಿದಳು: "ಹಾಗಾದ್ರೆ ಕಸ ಎಲ್ಲಿಗೆ ಹೋಗುತ್ತೆ ಸರ್?"

"ಎಲ್ಲಿಗೂ ಇಲ್ಲ. ಈಗ ಎಲ್ಲಿದೆಯೋ ಅಲ್ಲೇ."

"ಈಗ ಕಾರ್ಖಾನೆ ಹಿತ್ತಿಲಲ್ಲಿದೆ. ಗೋಡೆ ಆಚೆ ಶಾಲೆ."

"ನಿಯಮ ಹೊಸ ಜಾಗಕ್ಕಮ್ಮ. ಹಳೇದಕ್ಕೆ ನಿಯಮ ಎಲ್ಲಿದೆ?"

ಅವಳು ಸಿಹಿಯನ್ನು ತಟ್ಟೆಗೆ ವಾಪಸು ಇಟ್ಟಳು. ಸಂಜೆ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ತಿರುಗುವ ಫ್ಯಾನುಗಳನ್ನು ಒಂದೊಂದಾಗಿ ನೋಡಿದರು. "ಮಕ್ಕಳ ಮೂಗಿನ ಕೆಳಗೆ ವಿಷ ಇಟ್ಟು ನಾನಿಲ್ಲಿ ಗಾಳಿ ತಗೊಳ್ಳಾ?" ಎಂದು ಗೊಣಗಿ, ಪಾತ್ರೆಗಳನ್ನು ಮೂಟೆಗೆ ತುಂಬತೊಡಗಿದರು. ಅಂದೇ ಮೂವರೂ ತಮ್ಮ ಹಳೆಯ ಬಾಡಿಗೆ ಕೋಣೆಗೆ ಮರಳಿದರು. ಬೆಳಿಗ್ಗೆ ನಕ್ಷೆಯವಳು ಇದ್ದುದನ್ನು ಇದ್ದಂತೆ, ಕಚೇರಿಯ ಜಾಗವನ್ನು ಮತ್ತೆ ಬಿಳಿ ಬಿಟ್ಟು ಹೊಸ ನಕ್ಷೆ ಬರೆದು, ಸಾಹೇಬರ ಮುಖ ನೋಡದೆ ಮೇಲಕ್ಕೆ ಕಳಿಸಿದಳು.

ಕಚೇರಿಯ ಪಕ್ಕದಲ್ಲಿ ಗೋದಾಮು ಎದ್ದಿತು. ಮೊದಲ ಲಾರಿ ಬಂದ ದಿನ ಸಾಹೇಬರು ರಜೆ ಹಾಕಿದ್ದರು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಲ್ಲಿ ಇಳಿಸ್ಲಿ ಅಕ್ಕಾ?" ಎಂದ. ಅವಳು ಮೂಗಿಗೆ ಸೆರಗು ಹಿಡಿದು, ತಾನೇ ಮುಂದೆ ನಡೆದು ಜಾಗ ತೋರಿಸಿದಳು.