ಪ್ರೆಸ್ಸಿಗೆ ಸಿಕ್ಕ ಕನ್ನಡಕ

ಕನ್ನಡಕ ಮುರಿದದ್ದು ಮಧ್ಯಾಹ್ನ ಮೂರೂವರೆಗೆ. ಮುರಿದವಳು ಬೈಂಡರನ ಅಕ್ಕ. ಕಸ ಗುಡಿಸಿ ಸುಸ್ತಾಗಿ, ಕುರ್ಚಿಯ ಮೇಲೆ ಏನಿದೆಯೆಂದು ನೋಡದೆ ಉಸ್ಸೆಂದು ಕೂತಳು. ಕೂತಷ್ಟೇ ಬೇಗ ಎದ್ದಳು. ಅಷ್ಟರಲ್ಲಿ ಒಂದಾಗಿದ್ದದ್ದು ಎರಡಾಗಿತ್ತು. ಮೂಗಿನ ಮೇಲೆ ಕೂರುವ ಕಮಾನು ನಟ್ಟನಡುವೆ ಮುರಿದು, ಒಂದೊಂದು ಕಡ್ಡಿಗೆ ಒಂದೊಂದು ಗಾಜು ಪಾಲಾಗಿತ್ತು.

“ಕುರ್ಚಿ ಇರೋದು ಕೂರೋಕೆ ಕಣೋ, ಕನ್ನಡಕ ಒಣಗಿಸೋಕಲ್ಲ,” ಎಂದು ಅವಳೇ ಮೊದಲು ಜಗಳ ತೆಗೆದಳು. ತಪ್ಪು ತನ್ನದಾದಾಗ ಮೊದಲ ಏಟು ತಾನೇ ಹೊಡೆಯುವುದು ಅವಳ ಎಪ್ಪತ್ತೆರಡು ವರ್ಷಗಳ ಅಭ್ಯಾಸ.

ತಮ್ಮ ಜಗಳಕ್ಕೆ ಬರಲಿಲ್ಲ. ಎರಡು ಚೂರನ್ನೂ ಅಂಗೈಯಲ್ಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡಿದ. ಬೀದಿದೀಪ ಹೊತ್ತುವುದು ಆರೂವರೆಗೆ. ಇನ್ನು ಮೂರು ಗಂಟೆ ಇತ್ತು.

ಆ ಕನ್ನಡಕ ಅವನೊಬ್ಬನದಲ್ಲ. ಅವನ ಕಣ್ಣೂ ಅವನ ಹೆಂಡತಿಯ ಕಣ್ಣೂ ಒಂದೇ ಅಳತೆಗೆ ಕೆಟ್ಟಿದ್ದವು. ಹಾಗಾಗಿ ಹಗಲು ಅದು ಅವನ ಮೂಗಿನ ಮೇಲೆ ಕೂತು ಪುಸ್ತಕ ಹೊಲಿಯುತ್ತಿತ್ತು, ಸಂಜೆ ಅವಳ ಮೂಗಿನ ಮೇಲೆ ಕೂತು ದೇವರ ಪುಸ್ತಕ ಓದುತ್ತಿತ್ತು. ದಿನಕ್ಕೆ ಒಂದೇ ಪುಟ, ಗಟ್ಟಿಯಾಗಿ, ಕಿಟಕಿಯೆದುರಿನ ಕಂಬದ ದೀಪ ಹೊತ್ತುವ ಮೊದಲು. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಗಡಿಯಾರವಿರಲಿಲ್ಲ. ಆ ಕಂಬವೇ ಗಡಿಯಾರ. ಆಮೇಲೆ ಗಡಿಯಾರ ಬಂತು, ನಿಯಮ ಮಾತ್ರ ಕಂಬದ್ದೇ ಉಳಿಯಿತು. ದೀಪ ಹೊತ್ತಿದ ಮೇಲೆ ಓದಿದರೆ ಅದು ನಾಳೆಯ ಪುಟ, ಇವತ್ತು ಖಾಲಿ ಹೋದ ಹಾಗೆ ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಒಂದು ದಿನವೂ ಖಾಲಿ ಹೋಗಲಿಲ್ಲ. ಕೊನೆಯ ದಿನ, ಎರಡು ಸಾಲು ಓದುವಷ್ಟೂ ಉಸಿರು ಉಳಿಯದಿದ್ದಾಗ, ಕನ್ನಡಕವನ್ನು ತೆಗೆದು ತಾನೇ ಅವನ ಮೂಗಿಗೇರಿಸಿ, “ಇಲ್ಲಿಂದ ನೀವು ಓದಿ. ಬಿಡಬೇಡಿ,” ಎಂದಳು. ಅದಾಗಿ ನಲವತ್ತೊಂದು ದಿನ. ಅವನು ಬಿಟ್ಟಿರಲಿಲ್ಲ.

ಕನ್ನಡಕದಂಗಡಿಗೆ ಫೋನ್ ಮಾಡಿದರೆ, “ತಂದುಕೊಡಿ, ನಾಲ್ಕು ದಿನ ಬಿಟ್ಟು ನೋಡೋಣ,” ಎಂದರು.

“ನಾಲ್ಕು ದಿನ ಬಿಟ್ಟು ಅವರೇ ನೋಡ್ಕೊಳ್ಳಲಿ,” ಎಂದು ಬೈಂಡರ್ ಫೋನಿಟ್ಟ. “ನಲವತ್ತಾರು ವರ್ಷದಿಂದ ಬೆನ್ನು ಮುರಿದ ಪುಸ್ತಕ ಸರಿ ಮಾಡ್ತಿದೀನಿ ಅಕ್ಕ. ಇದೂ ಅಷ್ಟೇ. ಎರಡು ಹಾಳೆ, ನಡುವೆ ಒಂದು ಬೆನ್ನು.”

“ಕಾಣಿಸಬೇಕಲ್ಲಪ್ಪ ನಿಂಗೆ?”

“ಕೈಗೆ ಕಾಣಿಸುತ್ತೆ.”

ಕೈಗೆ ಕಾಣಿಸಿತು, ಆದರೆ ನಿಧಾನವಾಗಿ ಕಾಣಿಸಿತು. ಮುರಿದ ತುದಿಗಳನ್ನು ತಡವಿ ತಡವಿ ಉಪ್ಪುಕಾಗದದಿಂದ ಉಜ್ಜಿದ. ಅಂಟಿನ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದ. ಬೆರಳ ತುದಿಯಿಂದ ಅಂಟು ಹಚ್ಚಿ, ಮೇಲೊಂದು ಉಗುರಗಲದ ಬಟ್ಟೆಯ ಪಟ್ಟಿ ಸುತ್ತಿ, ಹೊಲಿಗೆಯ ದಾರದಿಂದ ಹನ್ನೆರಡು ಸುತ್ತು ಬಿಗಿದ. ಒಮ್ಮೆ ತನ್ನ ಹೆಬ್ಬೆರಳನ್ನೂ ಸೇರಿಸಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದ. ಅಷ್ಟಾಗುವಾಗ ಐದೂವರೆ.

ಅಲ್ಲಿಯವರೆಗೆ ಎಲ್ಲ ನೆಟ್ಟಗೇ ಇತ್ತು. ಕೆಡಿಸಿದ್ದು ಅವನ ಕೈಯ ಒಳ್ಳೆಯತನ. ಅಂಟು ಹಚ್ಚಿದ್ದೆಲ್ಲ ಪ್ರೆಸ್ಸಿಗೆ ಹೋಗಬೇಕು ಎಂದು ಆ ಕೈ ಕಲಿತಿತ್ತು. ಮೇಜಿನ ಮೇಲಿದ್ದ ಪ್ರೆಸ್ಸು ಅವನಿಗಿಂತ ಹಳೆಯದು. ಕೆಳಗೊಂದು ದಪ್ಪ ಹಲಗೆ, ಮೇಲೊಂದು ಹಲಗೆ, ಮೇಲಿನದನ್ನು ಇಳಿಸಲು ನೆತ್ತಿಯ ಮೇಲೆ ಚಕ್ರದಂಥ ತಿರುಪು. ಬೆಸುಗೆ ಕೂಡಬೇಕಾದರೆ ಎರಡು ಗಾಜೂ ಒಂದರ ಕಡೆಗೊಂದು ಒತ್ತಬೇಕು. ಆದ್ದರಿಂದ ಕಡ್ಡಿಗಳನ್ನು ಮಡಿಸಿ, ಕನ್ನಡಕವನ್ನು ಕೆಳಹಲಗೆಯ ಅಂಚಿನಲ್ಲಿ ಉದ್ದಕ್ಕೆ ನಿಲ್ಲಿಸಿದ. ಒಂದು ಗಾಜು ಮೇಲೆ, ಒಂದು ಗಾಜು ಕೆಳಗೆ. ಮೇಲಿನ ಹಲಗೆಯನ್ನು ಮೆಲ್ಲಗೆ ಇಳಿಸಿ ತಾಗಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ತಾಗಿಸಿದ ಮೇಲೆ ಪುಸ್ತಕಕ್ಕೆ ಇನ್ನೊಂದು ಅರ್ಧ ಸುತ್ತು ಕೊಡುವುದು ವಾಡಿಕೆ. ಕೊಟ್ಟ.

ಟಣ್ ಎಂದಿತು.

“ಏನೋ ಅದು?” ಅಡುಗೆಮನೆಯಿಂದ ಅಕ್ಕ ಕೂಗಿದಳು.

“ಏನಿಲ್ಲ.”

“ಏನಿಲ್ಲದ್ದು ಟಣ್ ಅನ್ನುತ್ತಾ?”

ಗಾಬರಿಯಲ್ಲಿ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ. ಮೇಲಿನ ಗಾಜು ಮೂರು ಚೂರಾಗಿ ಉದುರಿತು. ಕೆಳಗಿನ ಗಾಜಿಗೆ ಕೈಯಿಟ್ಟರೆ, ಅಂಚಿನಿಂದ ಅಂಚಿಗೆ ಒಂದು ಬಿರುಕು ಬಾಯಿ ಬಿಡುತ್ತಿತ್ತು. ಚಕ್ಕನೆ ಮತ್ತೆ ಬಿಗಿದ. ಬಿರುಕು ಬಾಯಿ ಮುಚ್ಚಿತು. ಬಿಟ್ಟರೆ ತೆರೆಯಿತು, ಬಿಗಿದರೆ ಮುಚ್ಚಿತು. ಪ್ರೆಸ್ಸಿನೊಳಗೆ ಇರುವಷ್ಟು ಹೊತ್ತು ಅದು ಕನ್ನಡಕ. ಹೊರಗೆ ತೆಗೆದರೆ ಗಾಜಿನ ಪುಡಿ. ಸಾಲದ್ದಕ್ಕೆ ಹಳೆಯ ತಿರುಪು, ಕೈಬಿಟ್ಟರೆ ತಾನೇ ಹಿಂದಕ್ಕೆ ಜಾರುತ್ತಿತ್ತು. ಎಡಗೈಯಲ್ಲಿ ಚಕ್ರ ಹಿಡಿದು ಅವನು ಅಲ್ಲೇ ನಿಂತ.

ಆರು ಗಂಟೆಗೆ ಹೆಂಡತಿಯ ತಮ್ಮ ಬಂದ. ಊರಿನ ನಲ್ಲಿಗಳನ್ನೆಲ್ಲ ಸರಿಮಾಡುವವನು. ಹೆಗಲ ಚೀಲದಲ್ಲಿ ಸದಾ ಹತ್ತು ಸೇರು ಕಬ್ಬಿಣ. ತನ್ನ ಅಕ್ಕ ತೀರಿಹೋದ ಮೇಲೆ ದಿನಾ ಸಂಜೆ ಪುಟ ಕೇಳುವುದಕ್ಕೆ ಬರುತ್ತಿದ್ದ. ಕೇಳುತ್ತ ನಿದ್ದೆ ಹೋಗುತ್ತಿದ್ದ, ಆದರೆ ಬರುವುದನ್ನು ತಪ್ಪಿಸುತ್ತಿರಲಿಲ್ಲ.

“ಇದೇನು ಭಾವ, ಕನ್ನಡಕಕ್ಕೂ ರಟ್ಟು ಹಾಕ್ತಿದೀರಾ?”

ವಿಷಯ ತಿಳಿದಾಗ ಅವನ ನಗು ಅರ್ಧಕ್ಕೇ ನಿಂತಿತು. ತೀರಿಹೋದ ತನ್ನ ಅಕ್ಕನ ಕನ್ನಡಕವಲ್ಲವೇ! ತನ್ನದನ್ನು ತೆಗೆದುಕೊಟ್ಟ. ಅದನ್ನು ಹಾಕಿಕೊಂಡರೆ ಬೈಂಡರನಿಗೆ ಅಕ್ಷರ ಕಾಣಲಿಲ್ಲ, ನೆಲ ಓರೆಯಾಗಿ ಕಂಡಿತು.

“ಹಾಗಾದ್ರೆ ಇವತ್ತೊಂದಿನ ನಾನು ಓದ್ತೀನಿ ಕೊಡಿ,” ಎಂದು ಭಾವಮೈದ ಪುಸ್ತಕ ತೆಗೆದ. ದೇವರ ಮನೆಯನ್ನು ಯಾವ ಅಳತೆಗೆ ಕಟ್ಟಬೇಕು ಎನ್ನುವ ಪುಟ. “‘ಗೋಡೆಯ ದಪ್ಪ ಒಂದು ಗೇಣು. ಬಾಗಿಲಿನ ಅಗಲ ಆರು ಗೇಣು.’ ಅಲ್ಲ ಭಾವ, ಒಂದೇ ಗೇಣು ಗೋಡೆ ಅಂದ್ರೆ ನೀರಿನ ಪೈಪು ಎಲ್ಲಿ ಹೋಗುತ್ತೆ?”

“ಮುಚ್ಚು.”

“ಬಾಯಾ, ಪುಸ್ತಕಾನಾ?”

“ಎರಡೂ. ಅವಳು ಹೇಳಿದ್ದು ನಂಗೆ. ನಾನೇ ಓದಬೇಕು.”

ಅಡುಗೆಮನೆಯಿಂದ ಬಂದ ಬೈಂಡರನ ಅಕ್ಕ ಪ್ರೆಸ್ಸನ್ನೂ ತಮ್ಮನನ್ನೂ ಒಮ್ಮೆ ನೋಡಿದಳು. “ಕನ್ನಡಕ ಮುಖಕ್ಕೆ ಬರದಿದ್ರೆ, ಮುಖಾನೇ ಕನ್ನಡಕಕ್ಕೆ ಹೋಗಬೇಕಪ್ಪ,” ಎಂದಳು. ಆ ದಿನ ಆ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ಬೈಂಡರ್ ಮೊಣಕಾಲೂರಿ ಕೂತ. ಬಲಗೆನ್ನೆಯನ್ನು ಕೆಳಹಲಗೆಗೆ ಒತ್ತಿ, ತಲೆಯನ್ನು ಅಡ್ಡ ಮಾಡಿ, ಎಷ್ಟು ಸಾಧ್ಯವೋ ಅಷ್ಟು ಪ್ರೆಸ್ಸಿನೊಳಗೆ ತೂರಿಸಿದ. ಕೆಳಗಿನ ಕಣ್ಣು ಕೆಳಗಿನ ಗಾಜಿಗೆ ಸರಿಯಾಗಿ ಬಂತು. ಮೇಲಿನ ಕಣ್ಣಿನೆದುರು ಗಾಜಿಲ್ಲದ ಬರೀ ಖಾಲಿ ಕಟ್ಟು. ಎಡಗೈ ನೆತ್ತಿಯ ಮೇಲಿನ ಚಕ್ರ ಹಿಡಿದಿತ್ತು, ಬಲಗೈ ಮೇಜಿನ ಕಾಲು ಹಿಡಿದಿತ್ತು. ಅಕ್ಕ ಆಚೆ ಬದಿಗೆ ಹೋಗಿ ಪುಸ್ತಕ ಬಿಡಿಸಿ ಹಿಡಿದಳು. ಭಾವಮೈದ ಬಲ್ಬನ್ನು ಹತ್ತಿರಕ್ಕೆ ಎಳೆದು ಕಟ್ಟಿದ.

“ಅಕ್ಕ, ಪುಸ್ತಕ ತಲೆಕೆಳಗಾಗಿದೆ.”

“ನಿನ್ನ ತಲೇನೂ ಅಡ್ಡ ಆಗಿದೆ. ಯಾರದು ಸರಿ ಅಂತ ನಂಗೇನು ಗೊತ್ತು? ನಾನೇನು ಓದೋಕೆ ಕಲ್ತಿದೀನಾ?”

ಪುಸ್ತಕ ಒಮ್ಮೆ ನೆಟ್ಟಗಾಯಿತು, ಒಮ್ಮೆ ಬೆನ್ನು ತೋರಿಸಿತು, ಕೊನೆಗೆ ಮಗ್ಗುಲಾಗಿ ಮಲಗಿತು. ಆಗ ಬಿರುಕಿನ ಆಚೆ ಈಚೆ ಅಕ್ಷರಗಳು ಎದ್ದು ನಿಂತವು.

“ಸಿಕ್ತು! ಅಲ್ಲಾಡಬೇಡ.”

“ಉಸಿರಾಡಲಾ?”

“ಮೆಲ್ಲಗೆ.”

ಆರು ಇಪ್ಪತ್ತು. ಪುಟಕ್ಕೆ ಇಪ್ಪತ್ತೆರಡು ಸಾಲು. ಗಾಜಿನಲ್ಲಿ ಒಂದು ಸಲಕ್ಕೆ ಕಾಣುತ್ತಿದ್ದದ್ದು ಎರಡು ಮೂರು ಪದ. ಕಣ್ಣು ಸರಿಯುವಂತಿರಲಿಲ್ಲ, ಆದ್ದರಿಂದ ಪುಸ್ತಕ ಸರಿಯಬೇಕಿತ್ತು. “ಮೇಲೆ,” ಎನ್ನುತ್ತಿದ್ದ, ಅಕ್ಕ ಮೇಲಕ್ಕೆತ್ತುತ್ತಿದ್ದಳು. “ಕಂಬಗಳು ಎಂಟು. ಮೇಲೆ. ಕಂಬಕ್ಕೆ ಕಂಬಕ್ಕೆ ನಡುವೆ. ಮೇಲೆ. ಅಷ್ಟು ಮೇಲಲ್ಲ, ಅಲ್ಲಿ ದೇವರ ಮನೆ ಮುಗಿದು ಗೋಡೆಯ ಹಲ್ಲಿ ಕಾಣ್ತಿದೆ.”

ಆರನೆಯ ಸಾಲಿಗೆ ಬಂದಾಗ ಭಾವಮೈದ ಗಡಿಯಾರ ನೋಡಿ, ಚೀಲ ಹೆಗಲಿಗೇರಿಸಿ ಹೊರಗೆ ಹೋದ.

“ಎಲ್ಲಿಗೆ ಹೋದ ಅವನು?” ಪ್ರೆಸ್ಸಿನೊಳಗಿಂದ ಬೈಂಡರ್ ಕೇಳಿದ.

ಅಕ್ಕ ಕಿಟಕಿಯ ಕಡೆ ಕತ್ತು ನೀಡಿದಳು. “ಮೂಲೆಯಲ್ಲಿ ಬೀದಿದೀಪದ ಸ್ವಿಚ್ಚಿನ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದಾನೆ. ದೀಪ ಹೊತ್ತಿಸೋಕೆ ಬಂದ ದೀಪದವನು ಸೈಕಲ್ ಇಳಿದು ನಿಂತಿದಾನೆ. ಪೆಟ್ಟಿಗೆ ಹಿಂದೆ ಪೈಪು ಒಡೆದಿದೆ, ಮುಟ್ಟಿದ್ರೆ ಶಾಕ್ ಹೊಡೆಯುತ್ತೆ ಅಂತ ನಿನ್ನ ಭಾವಮೈದ ಅವನಿಗೆ ಹೇಳ್ತಿದಾನೆ ನೋಡು.”

“ದೇವರ ಪುಟಕ್ಕೋಸ್ಕರ ಸುಳ್ಳಾ!”

“ಸುಳ್ಳು ಅವನದು, ಪುಟ ನಿಂದು. ಓದು.”

ಬೈಂಡರ್ ಓದಿದ. ಗಡಿಯಾರ ಆರೂವರೆ ದಾಟಿತು, ಕಂಬ ಸುಮ್ಮನಿತ್ತು. ಕಂಬ ಸುಮ್ಮನಿರುವವರೆಗೆ ಇವತ್ತು ಇವತ್ತೇ. ಬೀದಿ ಕಪ್ಪಾಗತೊಡಗಿತು. ಯಾರೋ ಯಾರಿಗೋ ಡಿಕ್ಕಿ ಹೊಡೆದು ಬೈದುಕೊಂಡರು. ಹಾಲಿನ ಪಾತ್ರೆ ಬಿದ್ದ ಸದ್ದಾಯಿತು. “ಯಾವನೋ ದೀಪ ನುಂಗಿದವನು?” ಎಂದು ಮಹಡಿಯಿಂದ ಒಂದು ಹೆಂಗಸಿನ ದನಿ ಕೇಳಿತು. ಭಾವಮೈದ ಕೈಕೆಲಸದಲ್ಲಿ ಎಷ್ಟು ಗಟ್ಟಿಯೋ ಸುಳ್ಳಿನಲ್ಲಿ ಅಷ್ಟೇ ಸಡಿಲ. ಒಣಗಿದ ನೆಲದಲ್ಲಿ ಒಡೆದ ಪೈಪನ್ನು ಎಷ್ಟು ಹೊತ್ತು ತೋರಿಸಲಾದೀತು? ಹದಿನೈದನೆಯ ಸಾಲು ಮುಗಿಯುವಾಗ ದೀಪದವನು ಕಿಟಕಿಯ ಹತ್ತಿರ ಬಂದು ನಿಂತ. ಅವನ ಹಿಂದೆ ನಾಲ್ಕಾರು ಜನ, ಎಲ್ಲರ ಹಿಂದೆ ತಲೆ ತಗ್ಗಿಸಿ ಭಾವಮೈದ.

ಕಿಟಕಿಯಲ್ಲಿ ಅವರು ಕಂಡದ್ದು ಪ್ರೆಸ್ಸಿಗೆ ತಲೆ ಕೊಟ್ಟ ಒಬ್ಬ ಮುದುಕ, ಅವನೆದುರು ಪುಸ್ತಕವನ್ನು ಮಗ್ಗುಲಾಗಿ ಹಿಡಿದ ಒಬ್ಬ ಮುದುಕಿ.

“ಯಜಮಾನ್ರೇ,” ಎಂದ ದೀಪದವನು. “ತಲೆ ಒಳಗೆ ಸಿಕ್ಕಿಕೊಂಡಿದೆಯೋ, ನೀವಾಗೇ ಇಟ್ಟಿದೀರೋ?”

“ನಾನಾಗೇ ಇಟ್ಟಿದೀನಿ ಕಣಪ್ಪ. ಮೇಲೆ, ಅಕ್ಕ.”

“ಇನ್ನೆಷ್ಟು ಸಾಲಿದೆ?”

“ಏಳು.”

ದೀಪದವನು ಯೋಚಿಸಿದ. ಅವನಿಗೂ ಮೇಲಿನವರಿದ್ದರು, ಅವರ ಕೈಯಲ್ಲೂ ಗಡಿಯಾರವಿತ್ತು. “ಏಳು ಸಾಲಿಗೆ ಕಾಯ್ತೀನಿ. ಎಂಟನೇ ಸಾಲು ಅಂದ್ರೆ ಹಿಡಿ ಎಳೆದುಬಿಡ್ತೀನಿ,” ಎಂದು ಹೇಳಿ ಮೂಲೆಗೆ ಹೋಗಿ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು ನಿಂತ. ಜನ ಕಿಟಕಿಯಿಂದ ಮೂಲೆಯವರೆಗೆ ಕತ್ತಲಲ್ಲಿ ಸಾಲಾಗಿ ನಿಂತರು. ಒಂದೊಂದು ಸಾಲು ಮುಗಿದಂತೆ “ಇನ್ನು ಐದು,” “ಇನ್ನು ನಾಲ್ಕು” ಎಂಬ ಸುದ್ದಿ ಬಾಯಿಂದ ಬಾಯಿಗೆ ದಾಟಿ ಪೆಟ್ಟಿಗೆ ತಲುಪುತ್ತಿತ್ತು.

“ಕಿಟಕಿಗಳು ನಾಲ್ಕು. ಮೇಲೆ. ಅವು ಗಾಳಿ ಬರುವ. ಮೇಲೆ. ಕಡೆಗೆ ಇರಲಿ. ಮುಂದಿನ ಸಾಲು. ಮೆಟ್ಟಿಲುಗಳು ಮೂರು. ಮೇಲೆ. ಕೊನೆಯ ಮೆಟ್ಟಿಲು. ಮೇಲೆ. ಇಬ್ಬರು ಕೂರುವಷ್ಟು. ಮೇಲೆ. ಅಗಲವಾಗಿರಲಿ.”

“ಇನ್ನು ಒಂದು,” ಎಂದಿತು ಕಿಟಕಿ. “ಇನ್ನು ಒಂದು,” ಎಂದಿತು ಬೀದಿ.

ಒಂದು ಬರಲಿಲ್ಲ.

“ಓದೋ,” ಎಂದಳು ಅಕ್ಕ. “ಕೈ ನೋಯ್ತಿದೆ.”

“ಕಾಣಿಸ್ತಿಲ್ಲ ಅಕ್ಕ.”

“ಕನ್ನಡಕ ಹೋಯ್ತಾ?”

ಕನ್ನಡಕ ಹೋಗಿರಲಿಲ್ಲ. ಇಬ್ಬರು ಕೂರುವಷ್ಟು ಎಂದು ಓದಿದ ಬಾಯಿ ಮುಂದಕ್ಕೆ ಹೋಗಿತ್ತು, ಮನಸ್ಸು ಆ ಮೆಟ್ಟಿಲ ಮೇಲೇ ಕೂತುಬಿಟ್ಟಿತ್ತು. ಖಾಲಿ ಕಟ್ಟಿನೆದುರಿದ್ದ ಮೇಲಿನ ಕಣ್ಣು ತುಂಬಿ ಹರಿಯಿತು. ತಲೆ ಅಡ್ಡವಾಗಿದ್ದರಿಂದ ಆ ನೀರು ಕೆನ್ನೆಗೆ ಇಳಿಯಲು ದಾರಿಯಿಲ್ಲದೆ, ಮೂಗನ್ನು ದಾಟಿ ನೇರವಾಗಿ ಕೆಳಗಿನ ಕಣ್ಣಿಗೆ ಬಂತು. ಅಲ್ಲಿ ಮೊದಲೇ ಇದ್ದದ್ದರ ಜೊತೆ ಸೇರಿತು. ನಲವತ್ತೊಂದು ದಿನ ಬಂದವರೆಲ್ಲ, ಅತ್ತುಬಿಡಿ, ಹಗುರಾಗುತ್ತೆ ಎಂದು ಹೇಳಿ ಹೋಗಿದ್ದರು. ಆಗ ಬರಲಿಲ್ಲ. ಈಗ, ಎರಡು ಕೈಯೂ ಕೆಲಸದಲ್ಲಿರುವಾಗ, ಒರೆಸಿಕೊಳ್ಳುವ ಯಾವ ಉಪಾಯವೂ ಇಲ್ಲದಿರುವಾಗ, ಬೀದಿಯವರೆಲ್ಲ ಕಾಯುತ್ತಿರುವಾಗ ಬಂತು. ಹಲಗೆ ಒದ್ದೆಯಾಯಿತು. ಅವನು ತಿರುಪು ಬಿಡಲಿಲ್ಲ.

ಅಕ್ಕನಿಗೆ ಅರ್ಥವಾಯಿತು. ಅವಳ ಕೈಯಲ್ಲೂ ಪುಸ್ತಕವಿತ್ತು. ಅಲ್ಲಾಡದೆ ನಿಂತಳು.

“ಏನಂತೆ?” ಮೂಲೆಯಿಂದ ದೀಪದವನು ಕೂಗಿದ.

ಕಿಟಕಿಯ ಹತ್ತಿರವಿದ್ದ ಭಾವಮೈದ ಒಳಗೆ ನೋಡಿದ. ತನ್ನ ಮೂಗನ್ನು ತೋಳಿಗೆ ಒರೆಸಿಕೊಂಡ. “ನೀರು ಬಂದಿದೆ,” ಎಂದು ಕೂಗಿದ. “ನಿಲ್ಲೋವರೆಗೂ ಮುಟ್ಟಬೇಡ.”

ದೀಪದವನು ಹಿಡಿಯಿಂದ ಕೈ ತೆಗೆದ.

ಬೀದಿಗೆ ಬೀದಿಯೇ ಕತ್ತಲಲ್ಲಿ ನಿಂತಿತ್ತು. ಏಕೆಂದು ಹಿಂದಿದ್ದವರಿಗೆ ಗೊತ್ತಿರಲಿಲ್ಲ, ಮುಂದಿದ್ದವರು ಕೇಳಿದರೂ ಹೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪ್ರೆಸ್ಸಿನೊಳಗಿಂದ ಮೂಗೆಳೆದುಕೊಂಡ ಸದ್ದು ಬಂತು. ಗಾಜಿನ ಆಚೆ ಅಕ್ಷರಗಳು ಮೊದಲು ಮಬ್ಬಾಗಿ, ಆಮೇಲೆ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ನಿಂತವು.

“ಇಷ್ಟು ಅಳತೆ ಸಾಕು,” ಎಂದು ಬೈಂಡರ್ ಕೊನೆಯ ಸಾಲು ಓದಿದ. “ಮೇಲೆ. ಉಳಿದದ್ದು ಅವನೇ ನೋಡಿಕೊಳ್ಳುತ್ತಾನೆ.”

ಅಕ್ಕ ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು. “ಆಯ್ತು ಅಂತ ಹೇಳಲಾ ಅವರಿಗೆ?”

“ತಡಿ ಅಕ್ಕ. ಅವಳು ಓದಿಯಾದ ಮೇಲೆ ಒಂದು ಗಳಿಗೆ ಸುಮ್ಮನೆ ಕೂರ್ತಿದ್ದಳು.”

ಅವರು ಸುಮ್ಮನಿದ್ದರು. ಕಿಟಕಿಯೂ ಸುಮ್ಮನಿತ್ತು, ಬೀದಿಯೂ ಸುಮ್ಮನಿತ್ತು. ಆಮೇಲೆ ಬೈಂಡರ್, ಕೆನ್ನೆ ಇನ್ನೂ ಹಲಗೆಯ ಮೇಲಿರುವಾಗಲೇ, ಎಡಗೈಯನ್ನು ಚಕ್ರದಿಂದ ಮೆಲ್ಲಗೆ ತೆಗೆದ. ತಿರುಪು ಹಿಂದಕ್ಕೆ ಜಾರಿತು, ಬಿರುಕು ಬಾಯಿ ಬಿಟ್ಟಿತು.

“ಈಗ ಹೇಳು,” ಎಂದ.