ಅಕ್ಕನ ಕಾರಿನ ಆಯಿಲ್ ದೀಪ

ಬದುಕಿರುವವರ ಮೇಲಿನ ಹೊಟ್ಟೆಕಿಚ್ಚು ಎಂದಾದರೊಂದು ದಿನ ತಣ್ಣಗಾದೀತು. ಅವರು ಎಲ್ಲಾದರೂ ಎಡವುತ್ತಾರೆ, ನಾವು ಒಳಗೊಳಗೇ ಸಮಾಧಾನಪಟ್ಟುಕೊಳ್ಳುತ್ತೇವೆ. ಸತ್ತವರು ಎಡವುವುದಿಲ್ಲ. ಅವರ ತಪ್ಪುಗಳನ್ನೆಲ್ಲ ದೇವರು ತನ್ನ ಬಳಿ ಇಟ್ಟುಕೊಂಡು ಒಳ್ಳೆಯದನ್ನಷ್ಟೇ ಮನೆಗೆ ಹಿಂದಿರುಗಿಸುತ್ತಾನೋ ಏನೋ. ಪರದೆ ಹೊಲಿದು ಮಾರುವ ಒಬ್ಬ ಹೆಂಗಸಿನ ಪಾಡು ಇದೇ ಆಗಿತ್ತು.

ಅವಳ ಅಕ್ಕ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನರ್ಸು. ಅಕ್ಕ ತೀರಿಕೊಂಡ ಮೇಲೆ ತಂಗಿಯೂ ಭಾವನೂ ಒಬ್ಬರಿಗೊಬ್ಬರು ಆಸರೆಯಾಗಿ, ಕೊನೆಗೆ ಮದುವೆಯೂ ಆದರು. ಎಷ್ಟೋ ದಿನ ಅವಳ ಬಾಯಲ್ಲಿ ‘ರೀ’ ಅನ್ನುವ ಕಡೆ ‘ಭಾವ’ ಎಂದೇ ಬಂದುಬಿಡುತ್ತಿತ್ತು. ಅಕ್ಕನ ಕಾರೂ ಮನೆಯಲ್ಲೇ ಉಳಿಯಿತು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮುದಿ ಗಾಡಿ. ಅದರೊಳಗೆ ಕೂತರೆ ಇಂದಿಗೂ ಆಸ್ಪತ್ರೆಯ ವಾಸನೆ. ಈಗ ಅದರಲ್ಲಿ ತಂಗಿ ಪರದೆಯ ಬಟ್ಟೆ ಸಾಗಿಸುತ್ತಿದ್ದಳು.

ಅವಳ ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮಾತು ಕಡಿಮೆ, ಸಿಟ್ಟಂತೂ ಇಲ್ಲವೇ ಇಲ್ಲ. ಭಾನುವಾರ ಬೆಳಿಗ್ಗೆ ಅವನು ಅಂಗಳಕ್ಕಿಳಿದು ಬಾನೆಟ್ ಎತ್ತಿ, ಡಬ್ಬಿಯಿಂದ ಒಂದಿಷ್ಟು ಆಯಿಲ್ ಸುರಿದು, ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತಿರುತ್ತಿದ್ದ. ಆಯಿಲ್ ಸೋರುವ ಗಾಡಿ ಎಂದು ಅಕ್ಕ ಹಾಗೆ ಮಾಡುತ್ತಿದ್ದಳು. ಅವಳ ಕೆಲಸವನ್ನು ಈಗ ಇವನು ಹಿಡಿದಿದ್ದ. ಅಡುಗೆಮನೆಯ ಕಿಟಕಿಯಿಂದ ತಂಗಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನು ನೋಡುವಾಗ ಅವಳ ಮೈಯೆಲ್ಲ ಉರಿಯುತ್ತಿತ್ತು.

ಮಳೆಗಾಲದಲ್ಲಿ ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಸ್ಟೀರಿಂಗಿನ ಹಿಂದೆ ಎಣ್ಣೆಡಬ್ಬಿಯ ಚಿತ್ರದ ಕೆಂಪು ದೀಪ ಮಿನುಗಿತು. ಗಾಡಿ ಹೊರಟೊಡನೆ ಆರಿತು. ಆಯಿಲ್ ಒತ್ತಡ ಬಿದ್ದರೆ ಆ ದೀಪ ಬರುತ್ತದೆ, ಬಂದರೆ ಅಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಇಂಜಿನ್ ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಇಷ್ಟನ್ನೂ ಅಕ್ಕನೇ ಹೇಳಿಕೊಟ್ಟಿದ್ದಳು. ತಂಗಿ ನಿಲ್ಲಿಸಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಆಮೇಲೆ ದೀಪ ಮಿನುಗಿದಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು. ಈ ಕಾರು ತಾನಾಗಿಯೇ ಸತ್ತರೆ ತಾನು ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಗಂಡ ಪಕ್ಕದಲ್ಲಿ ಕೂತಿದ್ದಾಗ ಅದು ಮಿನುಗಿತು.

“ನಿಲ್ಲಿಸು, ನಿಲ್ಲಿಸು. ಅದು ಆಯಿಲ್ ದೀಪ.”

ಗ್ಯಾರೇಜು ಹತ್ತಿರದಲ್ಲೇ ಇತ್ತು. ಇಬ್ಬರೂ ತಳ್ಳಿಕೊಂಡು ಹೋದರು. ಈ ಗಾಡಿಯನ್ನು ಮೊದಲೂ ರಿಪೇರಿ ಮಾಡಿದ್ದ ಅಲ್ಲಿಯ ಮೆಕ್ಯಾನಿಕ್ಕಿಗೆ ಊರವರು ಇಟ್ಟ ಹೆಸರು ನಿಧಾನಪ್ಪ.

“ಆಯಿಲ್ ಎಷ್ಟಿದೆ ನೋಡಿದ್ರಾ?” ಎಂದ ನಿಧಾನಪ್ಪ.

“ಆಯಿಲ್ ಮಾತು ಬಿಡಿ. ವಾರಾವಾರಾ ಅದನ್ನ ನಾನೇ ನೋಡ್ಕೋತೀನಿ” ಎಂದ ಗಂಡ.

“ನೀವು ನೋಡ್ಕೋತೀರಿ ಅಂದ್ರೆ ಮುಗೀತು. ನಮ್ಮಪ್ಪ ನನ್ನನ್ನ ಅಷ್ಟು ನೋಡ್ಕೊಂಡಿದ್ರೆ ನಾನು ಇಲ್ಲಿ ಮಸೀಲಿ ಹೊರಳ್ತಿರಲಿಲ್ಲ. ಹಾಗಾದ್ರೆ ಸ್ವಿಚ್ಚು ಸುಳ್ಳು ಹೇಳ್ತಿರಬೇಕು.”

ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚನ್ನು ತೆಗೆದು ಹೊಸದನ್ನು ಹಾಕಿ ಇಂಜಿನ್ ಚಾಲೂ ಮಾಡಿದ. ದೀಪ ಬರಲಿಲ್ಲ. ಗಂಡನ ಮುಖ ಅರಳಿತು; ಅವಳ ಮುಖ ಇಳಿಯಿತು.

“ಬಿಸಿಯಾಗಲಿ, ಆಮೇಲೆ ನಗಿ” ಎಂದ ನಿಧಾನಪ್ಪ.

ಬಿಸಿಯಾದ ಮೇಲೆ ದೀಪ ಮತ್ತೆ ಮಿನುಗಿತು.

“ಹಾಗಾದ್ರೆ ಇಂಜಿನ್ನೇ ಹೋಯ್ತಾ?” ಎಂದು ಅವಳು ಕೇಳಿದಳು. ದನಿಗೆ ದುಃಖವನ್ನು ಮೇಲಿಂದ ಮೆತ್ತಿಕೊಂಡಿದ್ದಳು.

“ಹೋಗಿರಬಹುದು. ಇಷ್ಟು ಓಡಿದ ಇಂಜಿನ್ನಲ್ಲಿ ಬೇರಿಂಗ್ ಸವೆದಿರುತ್ತೆ, ಒತ್ತಡ ನಿಲ್ಲಲ್ಲ. ಗೇಜ್ ಹಾಕಿ ನೋಡೋಣ ತಾಯಿ. ಈಗಲೇ ಅಳಬೇಡಿ.”

ಸ್ವಿಚ್ಚಿನ ಜಾಗಕ್ಕೆ ಒತ್ತಡ ಅಳೆಯುವ ಗೇಜನ್ನು ತಿರುಗಿಸಿ ಕೂರಿಸಿದ. ಮೂವರೂ ಬಗ್ಗಿ ನೋಡಿದರು. ಮುಳ್ಳು ಕೆಳಗಿಳಿದು, ಚಳಿ ಹಿಡಿದವರಂತೆ ನಡುಗತೊಡಗಿತು.

ನಿಧಾನಪ್ಪ ಹುಬ್ಬು ಗಂಟಿಕ್ಕಿದ. “ಸವೆದಿದ್ರೆ ಮುಳ್ಳು ಸುಮ್ಮನೆ ಮಲಗಬೇಕು. ಇದು ನಡುಗ್ತಿದೆ. ಆಯಿಲ್ ಜೊತೆ ಗಾಳಿ ಹೋಗ್ತಿದೆ.”

ಇಂಜಿನ್ ಆರಿಸಿ, ತುಸು ತಡೆದು, ಮೊದಲೇ ಎಳೆಯಬೇಕಾಗಿದ್ದ ಅಳತೆ ಕಡ್ಡಿಯನ್ನು ಎಳೆದ. ಆಯಿಲ್ ಗುರುತು ದಾಟಿ ಎಲ್ಲೋ ಮೇಲಿತ್ತು; ಕಡ್ಡಿಯ ತುಂಬ ಸೋಪಿನಂಥ ನೊರೆ.

“ಸ್ವಾಮಿ, ಸೋರಿಕೆ ನಾನು ನಿಲ್ಲಿಸಿ ವರ್ಷ ಆಯ್ತಲ್ಲ? ಆಚೆ ಹೋಗೋದು ನಿಂತ ಮೇಲೆ ಒಳಗೆ ಸುರಿಯೋದು ನಿಲ್ಲಿಸಬೇಡವಾ? ಇಂಜಿನ್ ಒಳಗೆ ತಿರುಗೋ ಕ್ರ್ಯಾಂಕು ಆಯಿಲ್‌ನಲ್ಲಿ ಮುಳುಗಿ ಮಜ್ಜಿಗೆ ಕಡೀತಿದೆ.”

ಗಂಡ ಆ ನೊರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, “ನಾನು ಕಡ್ಡಿ ನೋಡ್ತಿರಲಿಲ್ಲ” ಎಂದ. “ನೋಡಿದ್ರೆ ನಿಲ್ಲಿಸಬೇಕಾಗ್ತಿತ್ತು. ಅವಳಿದ್ದಾಗ ನಾನು ಒಂದು ದಿನ ಬಾನೆಟ್ ಎತ್ತಿದವನಲ್ಲ. ಕೈ ಮಸಿ ಮಾಡ್ಕೊಂಡು ಬಂದ್ರೆ, ಸೋಪು ಅಲ್ಲಿದೆ ನೋಡು ಅಂತಿದ್ದೆ.”

ನಿಧಾನಪ್ಪ ಕಡ್ಡಿ ಒರೆಸುತ್ತ ದನಿ ತಗ್ಗಿಸಿದ. “ಹೋಗ್ಲಿ ಬಿಡಿ. ಈ ಆಯಿಲ್ ಇಳಿಸಿ ಹೊಸದು ಹಾಕೋಣ. ದೀಪ ಕಂಡ ತಕ್ಷಣ ನಿಲ್ಲಿಸಿದ್ರಲ್ಲ, ಇಂಜಿನ್ ಉಳೀತು. ಇದೇ ಮೊದಲ ಸಲ ತಾನೆ ತಾಯಿ? ಓಡಿಸೋರು ನೀವು.”

ಹೂಂ ಅಂದರೆ ಸಾಕಾಗಿತ್ತು. ಒಳಗಿನ ಗಾಯ ಒಳಗೇ ಉಳಿದು, ಇಂದಲ್ಲ ನಾಳೆ ಕಾರು ಯಾವುದೋ ರಸ್ತೆಯಲ್ಲಿ ಸಾಯುತ್ತಿತ್ತು. ಅವಳನ್ನು ಯಾರೂ ಬೆರಳೆತ್ತಿ ತೋರಿಸುತ್ತಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಕಾರು ಸತ್ತರೆ ಈ ಮುಖ ಹೇಗಾಗುತ್ತದೆಂದು ಆಗಲೇ ಅಲ್ಲಿ ಕಾಣುತ್ತಿತ್ತು. ನಾನೇ ಆಯಿಲ್ ಸುರಿದು ಕೊಂದೆ ಎಂದು ಅವನು ಅಕ್ಕನನ್ನು ಮತ್ತೊಂದು ಸಲ ಕಳೆದುಕೊಳ್ಳುತ್ತಾನೆ. ಆ ಪಾಪವೂ ಅವರಿಬ್ಬರ ನಡುವಿನದೇ ಆಗುತ್ತದೆ. ಅದರಲ್ಲೂ ತನಗೆ ಪಾಲಿಲ್ಲ. ಅವಳ ಬಾಯಿ ತೆರೆಸಿದ್ದು ಕನಿಕರ ಎಂದರೆ ಸುಳ್ಳಾದೀತು. ಈ ಹೊಟ್ಟೆಕಿಚ್ಚೇ ತೆರೆಸಿತು.

“ಮೊದಲ ಸಲ ಅಲ್ಲ. ಮಳೆಗಾಲದಿಂದ ಬರ್ತಿದೆ.”

ಗಂಡ ತಿರುಗಿದ. “ನನಗೆ ಯಾಕೆ ಹೇಳಲಿಲ್ಲ?”

“ಹಾಳಾಗಿ ಹೋಗಲಿ ಅಂತ.”

ನಿಧಾನಪ್ಪ ಎಂದೂ ಇಲ್ಲದ ಚುರುಕಿನಿಂದ ಕಾರಿನ ಕೆಳಗೆ ನುಸುಳಿದ. ನೊರೆ ಆಯಿಲ್ಲನ್ನೆಲ್ಲ ಇಳಿಸಿ, ತಳದ ಚೇಂಬರ್ ಬಿಚ್ಚಿ, ಬಹಳ ಹೊತ್ತು ಟಾರ್ಚು ಬಿಟ್ಟು ನೋಡಿ, ಅಲ್ಲಿಂದಲೇ ಕೂಗಿದ: “ಬೇರಿಂಗ್ ಗೀರಿದೆ. ಕ್ರ್ಯಾಂಕಿಗೆ ಇನ್ನೂ ಪೆಟ್ಟಿಲ್ಲ. ನೀವು ಹೇಳದೆ ಹೋಗಿದ್ರೆ ನಾನು ಬಿಚ್ಚುತ್ತಲೇ ಇರಲಿಲ್ಲ, ದಾರೀಲೇ ಇಂಜಿನ್ ಹಿಡ್ಕೊಂಡು ನಿಂತುಬಿಡ್ತಿತ್ತು. ಗಾಡಿ ಇಲ್ಲೇ ಇರ್ಲಿ. ನೀವಿಬ್ಬರೂ ನಡ್ಕೊಂಡು ಹೋಗಿ.”

ಇಬ್ಬರೂ ನಡೆದರು. ತಿರುವು ದಾಟುವವರೆಗೆ ಗಂಡ ಮುಂದೆ ಮುಂದೆ ಹೋದ. ಆಮೇಲೆ ಒಮ್ಮೆಲೇ ನಿಂತ.

“ನಿನಗೆ ನಾನು ಏನು ಕಡಿಮೆ ಮಾಡಿದ್ದೀನಿ?”

“ಏನೂ ಇಲ್ಲ. ಗಾಜಿನ ಸಾಮಾನಿನ ಹಾಗೆ ಇಟ್ಕೊಂಡಿದ್ದೀರಿ.”

“ಮತ್ತೆ ಇದೇನು ಬುದ್ಧಿ ನಿನ್ನದು?”

ಅಲ್ಲಿಂದ ಅವನ ಬಾಯಿಗೆ ತಡೆಯೇ ಇರಲಿಲ್ಲ. ಮೊಂಡಿ ಅಂದ, ಕಲ್ಲೆದೆಯವಳು ಅಂದ, ನಡುದಾರಿಯಲ್ಲಿ ಇಂಜಿನ್ ಹಿಡಿದು ಹಿಂದಿನ ಲಾರಿ ಬಂದು ಗುದ್ದಿದ್ದರೆ ನಾನು ಏನಾಗಬೇಕಿತ್ತು ಎಂದ. ಎರಡನೇ ಸಲ ನಾನು ಹೇಗೆ ತಡ್ಕೊಳ್ಳಲಿ, ನಿನಗೆ ಅಷ್ಟೂ ಹೊಳೀಲಿಲ್ಲವಾ ಎಂದ. ಅಂಗಡಿಯವನೊಬ್ಬ ಹೊರಗೆ ಬಂದು ನೋಡಿದ. ಅಕ್ಕನಿಗೆ ತಾನು ಒಮ್ಮೆಯೂ ದನಿ ಎತ್ತಿದವನಲ್ಲ ಎಂದು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದ. ಅವಳು ಮಗ್ಗುಲಲ್ಲೇ ಹೆಜ್ಜೆ ಹಾಕುತ್ತ, ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿಸಿಕೊಂಡಳು.

ಮನೆಯ ಬಾಗಿಲ ಬಳಿ ಉಸಿರು ಸಾಲದೆ ಅವನು ನಿಂತ.

“ಆಮೇಲೆ?” ಎಂದಳು ಅವಳು.